ಕ್ನಾಲ್ಸ್ ಎಡಿಗರ್ ಒಂದು ಹಟ್ಟಿಯನ್ನೇ ಒಪ್ಪಿಸಿದ್ದು

ಗಾಡಿ ಮಾಡುವ ಕ್ನಾಲ್ಸ್ ಎಡಿಗರ್‌ಗೆ ದೇವರು ಎರಡು ಒಳ್ಳೆಯ ಕೈ ಕೊಟ್ಟಿದ್ದ. ಬಾಯಿ ಕೊಡುವಾಗ ಮಾತ್ರ ಅಳತೆ ತಪ್ಪಿಬಿಟ್ಟಿತ್ತು. ಕಿರ್ಗಿಜರ ನಾಡಿನ ತಲಾಸ್ ಕಣಿವೆಯ ಫ್ರೀಡೆನ್‌ಬಾಖ್ ಊರಲ್ಲಿ ಯಾರದಾದರೂ ಗಾಡಿ ಮುರಿದು ಅವನ ಅಂಗಳಕ್ಕೆ ಬಂತೆನ್ನಿ, ಚಕ್ರ ಸರಿಹೋಗುವಷ್ಟರಲ್ಲಿ ಗಾಡಿಯ ಧಣಿ ಬೈಬಲಿನ ಕಥೆಯನ್ನು ಆದಾಮನಿಂದ ಹಿಡಿದು ಬಾಬೆಲ್ ಗೋಪುರದವರೆಗೆ ಕೇಳಿಯೇ ಎದ್ದು ಹೋಗಬೇಕು. ಎರಡು ಚಕ್ರ ಮುರಿದಿದ್ದರೆ ಮೋಶೆ ಕೆಂಪು ಸಮುದ್ರವನ್ನೂ ದಾಟಿಬಿಡುತ್ತಿದ್ದ.

ಅವನಿಗಿದ್ದದ್ದು ಒಂದೇ ಆಸೆ, ಸಭೆಯ ಬೋಧಕನಾಗಬೇಕು. ಊರವರು ಮೆನ್ನೊನೈಟರೆಂಬ ಜರ್ಮನ್ ಮಾತಿನ ಕ್ರೈಸ್ತ ಪಂಗಡದವರು; ಅವರಲ್ಲಿ ಬೋಧಕ ಎಲ್ಲಿಂದಲೋ ಓದಿ ಬರುವವನಲ್ಲ. ಊರ ಗಂಡಸರೇ ತಮ್ಮೊಳಗೊಬ್ಬನನ್ನು ಆರಿಸಿಕೊಳ್ಳುತ್ತಾರೆ. ಆಯ್ಕೆಯ ದಿನ ಕ್ನಾಲ್ಸ್ ಕರಿ ಕೋಟು ತೊಟ್ಟು ಮುಂದಿನ ಬೆಂಚಿನಲ್ಲಿ ಕೂತು ಗಂಟಲು ಸರಿಮಾಡಿಕೊಳ್ಳುವನು. ಆಯ್ಕೆಯಾಗುವವನು ಮಾತ್ರ ಯಾವನೋ ಜೇನು ಸಾಕುವವನು, ನಾಲ್ಕು ಜನರ ಮುಂದೆ ನಿಂತರೆ ತನ್ನ ಹೆಸರೇ ಮರೆತುಹೋಗುವಂಥವನು.

"ಜನಕ್ಕೂ ಜೀವದ ಭಯ ಇರಲ್ವಾ?" ಎಂದಳು ಹೆಂಡತಿ ಯುಸ್ಟೀನ. "ನಿನ್ನ ಆರಿಸಿದ್ರೆ ಭಾನುವಾರ ಶುರುವಾದ ಬೋಧನೆ ಬುಧವಾರ ಮುಗೀತದೆ. ಅಲ್ಲೀತನಕ ಹಸು ಕರೆಯೋರು ಯಾರು?"

ಮನೆಯಲ್ಲಿ ಕೇಳುವವರಿಲ್ಲ, ಸಭೆಯಲ್ಲಿ ಕೇಳುವವರಿಲ್ಲ. ಹೀಗಿರುವಾಗ ಒಂದು ವಸಂತದಲ್ಲಿ ಕಂಬಳಿ ಕೊಳ್ಳಲು ಕಿರ್ಗಿಜರ ಹಟ್ಟಿಗೆ ಹೋದ ಕ್ನಾಲ್ಸ್‌ಗೆ ಸ್ವರ್ಗದ ಬಾಗಿಲೇ ತೆರೆದಂತಾಯಿತು. ಅಲ್ಲಿ ಅತಿಥಿ ಮಾತಾಡುವಾಗ ಯಾರೂ ಏಳುವಂತಿಲ್ಲ! ಹಟ್ಟಿಯ ಹಿರಿಯ ಸಾರಿಬಾಯ್ ಕುಮಿಸ್ ಎಂಬ ಹುಳಿ ಬಂದ ಕುದುರೆ ಹಾಲಿನ ಬಟ್ಟಲನ್ನು ಕೈಗಿಟ್ಟು, "ಹೇಳು ಕಿನಾಲಿ, ಏನು ಸಮಾಚಾರ?" ಎಂದ; ಕ್ನಾಲ್ಸ್ ಅವನ ಬಾಯಲ್ಲಿ ಕಿನಾಲಿ. ಕ್ನಾಲ್ಸ್ ಅವರ ಭಾಷೆಯಲ್ಲೇ ಯೋಸೇಫನ ಕಥೆ ಎತ್ತಿದ.

"ನಮ್ಮಲ್ಲಿ ಯೂಸುಪ್ ಅಂತಾರೆ," ಎಂದಳು ಸಾರಿಬಾಯ್‌ನ ಹೆಂಡತಿ ಕಲೀಪ. "ಅಣ್ಣಂದಿರು ಹಾಳಾದೋರು, ಬಾವಿಗೆ ತಳ್ತಾರೆ. ಅದೇ ಅಲ್ವಾ? ಹೇಳು ಹೇಳು, ಇನ್ನೊಂದ್ಸಲ ಅಳೋಣ."

ಎಲ್ಲರೂ ಅತ್ತರು. ಕ್ನಾಲ್ಸ್ ಎಲ್ಲರಿಗಿಂತ ಜೋರಾಗಿ ಅತ್ತ. ಆಮೇಲಿನ ವಾರಗಳಲ್ಲಿ ಅವನಿಗೆ ಎಷ್ಟು ಕಂಬಳಿ ಬೇಕಾದವೆಂದರೆ ಯುಸ್ಟೀನ ಕೋಳಿಗೂಡಿಗೂ ಕಂಬಳಿ ಹಾಸಿದಳು. ಕೊನೆಗೊಂದು ದಿನ ಯೇಸುವಿನ ಕಥೆಯನ್ನೂ ಹೇಳಿ ಮುಗಿಸಿ, ಮೂಗೊರೆಸಿಕೊಂಡು ಕೇಳಿದ: "ಈ ಮಾತನ್ನ ನೀವು ಒಪ್ಕೋತೀರಾ?"

"ಒಪ್ದೆ ಏನು ಮಾರಾಯ!" ಎಂದ ಸಾರಿಬಾಯ್. "ಅಷ್ಟು ದೂರದಿಂದ ಹೊತ್ಕೊಂಡು ಬಂದಿದೀಯ."

"ಎಲ್ಲರೂನಾ?"

"ಎಲ್ಲರೂ. ಏನ್ರೋ?"

"ಹೂಂ!" ಎಂದಿತು ಹಟ್ಟಿ.

ಕ್ನಾಲ್ಸ್ ಕಂಬಳಿ ಮರೆತು ಕುದುರೆ ಓಡಿಸಿದ.

ಊರಿಗೆ ಊರೇ ಅವನ ಅಂಗಳದಲ್ಲಿ ನೆರೆಯಿತು. ಅಪ್ಪಂದಿರ ಕಾಲದಿಂದ ಇಲ್ಲಿ ನೆಲೆಸಿದ್ದರೂ ಇಷ್ಟು ವರ್ಷಗಳಲ್ಲಿ ಒಂದು ಕಿರ್ಗಿಜ್ ಕರುವೂ ಇವರ ಸಭೆಯತ್ತ ತಿರುಗಿ ನೋಡಿರಲಿಲ್ಲ. ಈಗ ನೋಡಿದರೆ ಇಡೀ ಹಟ್ಟಿ! ಆದರೆ ಫ್ರೀಡೆನ್‌ಬಾಖ್‌ನಲ್ಲಿ ಮೆನ್ನೊನೈಟರೇ ಎರಡು ಬಗೆ. ಹಳೇ ಸಭೆಯ ಹಿರಿಯ ನಾಖ್ಟಿಗಲ್ ಕಡೆಯವರು ದೀಕ್ಷಾಸ್ನಾನಕ್ಕೆ ತಲೆಯ ಮೇಲೆ ಹೂಜಿಯಿಂದ ನೀರು ಸುರಿಯುವವರು. ಹೊಸ ಸಭೆಯ ಹಿರಿಯ ಟ್ಯಾರ್ಟ್ ಕಡೆಯವರು ಹೊಳೆಯಲ್ಲಿ ಅಂಗಾತ ಮುಳುಗಿಸುವವರು. ಇಬ್ಬರು ಹಿರಿಯರೂ ಎದುರುಬದುರು ಮನೆಯವರು, ಭಾವಮೈದುನರು, ಮಾತು ಬಿಟ್ಟು ಕಾಲವಾಗಿತ್ತು. ಅವತ್ತು ಮಾತಾಡಿದರು.

"ಹೂಜಿ ತೊಳೆದಿಡ್ತೀನಿ," ಎಂದ ನಾಖ್ಟಿಗಲ್, ಆಕಾಶಕ್ಕೆ ಹೇಳಿದಂತೆ.

"ಹೂಜಿ ಯಾತಕ್ಕೆ? ಅವರೇನು ಹೂವಿನ ಗಿಡಾನಾ?" ಎಂದ ಟ್ಯಾರ್ಟ್.

"ಹಿಮ ಕರಗಿದ ನೀರು ಕಣೋ ಅದು! ಮುದುಕರನ್ನ ಮುಳುಗಿಸಿದ್ರೆ ನೇರ ಪರಲೋಕಕ್ಕೇ ಹೋಗ್ತಾರೆ."

"ಹೋಗ್ಲಿ ಬಿಡು, ಅಲ್ಲಿಗೇ ಅಲ್ವಾ ಕರೀತಿರೋದು?"

ಸುರಿಯುವವರೂ ಮುಳುಗಿಸುವವರೂ ವಾರಗಟ್ಟಲೆ ವಾದಿಸಿದರು. ಹೆಂಗಸರು ಮಾತ್ರ ಎರಡೂ ಕಡೆಯವರು ಸೇರಿಕೊಂಡು ಬಿಳಿ ನಿಲುವಂಗಿ ಹೊಲಿದರು, ಒಂದರ ತಲೆ ಮೇಲೊಂದು ಕೂತ ಜೋಡಿಬನ್ನುಗಳನ್ನು ಕುಕ್ಕೆಗಟ್ಟಲೆ ಸುಟ್ಟರು. ಸುದ್ದಿ ಪೇಟೆಗೂ ಮುಟ್ಟಿ, ಅಲ್ಲಿಂದ ರಷ್ಯನ್ ಇಗರ್ಜಿಯ ಪಾದ್ರಿ ಪಫ್ನೂತಿ ತನ್ನ ಗಡ್ಡದ ಸಮೇತ ಸಾರೋಟಿನಲ್ಲಿ ಬಂದಿಳಿದ.

"ಹೊಸಬರನ್ನ ಸೇರಿಸ್ಕೊಳ್ಳೋ ಹಕ್ಕು ನಮ್ಮ ಇಗರ್ಜಿಗೆ ಮಾತ್ರ ಕಣ್ರಪ್ಪಾ. ಚಕ್ರವರ್ತಿಗಳ ಕಾನೂನು," ಎಂದ. ಆಮೇಲೆ ಬನ್ನಿನ ವಾಸನೆ ಹತ್ತಿ ಕೂತ. ಹುರಿದ ಬಾರ್ಲಿಯ ಕಾಫಿಯಲ್ಲಿ ಬನ್ನು ಅದ್ದಿ ತಿನ್ನುತ್ತಾ ವಾದ ಕೇಳಿದ; ಕೇಳುತ್ತಾ ಕೇಳುತ್ತಾ ಕಾನೂನು ಮರೆತು ತಾನೂ ಇಳಿದುಬಿಟ್ಟ. "ಇಬ್ರದ್ದೂ ತಪ್ಪು! ಮೂರು ಸಲ ಅದ್ದಬೇಕು. ಒಂದ್ಸಲ ಅದ್ದಿದ್ರೆ ಬನ್ನೂ ನೆನೆಯಲ್ಲ."

"ಬಾಯಲ್ಲಿ ಹೇಳಿದ್ರಾಯ್ತಾ? ಮಾಡಿ ತೋರ್ಸಿ," ಎಂದಿತು ಗುಂಪು.

ಮಾಡಿ ತೋರಿಸಲು ಒಂದು ಆಳು ಬೇಕಿತ್ತು. ಎಲ್ಲರೂ ಕ್ನಾಲ್ಸ್ ಕಡೆ ನೋಡಿದರು. ಅವನ ಅಂಗಳದಲ್ಲೇ ಕುದುರೆಗಳ ನೀರಿನ ತೊಟ್ಟಿ ಇತ್ತಲ್ಲ, ನಾಖ್ಟಿಗಲ್ ಅದರ ಪಕ್ಕ ಅವನನ್ನು ಮಂಡಿಯೂರಿಸಿ ಹೂಜಿ ಬರಿದು ಮಾಡಿದ. ಟ್ಯಾರ್ಟ್ ಅವನ ಕುತ್ತಿಗೆ ಹಿಡಿದು ಅಂಗಾತ ತೊಟ್ಟಿಯಲ್ಲಿ ಮುಳುಗಿಸಿದ. ಪಾದ್ರಿ ತೋಳು ಮಡಚಿಕೊಂಡು ಒಂದು, ಎರಡು, ಮೂರು ಎಂದು ಅದ್ದಿ ಎತ್ತಿದ. ಕ್ನಾಲ್ಸ್ ಮೇಲೆ ಬಂದಾಗಲೆಲ್ಲ ಏನೋ ಹೇಳಲು ಬಾಯಿ ತೆರೆಯುತ್ತಿದ್ದ, ಪ್ರತಿ ಸಲವೂ ನೀರೇ ಒಳಗೆ ಹೋಗುತ್ತಿತ್ತು.

ಯುಸ್ಟೀನ ಟವೆಲು ತಂದು ಅವನ ಕತ್ತನ್ನು ಬೆಳಕಿಗೆ ತಿರುಗಿಸಿ ನೋಡಿದಳು. "ಮೂರು ಸಭೆ ಸೇರಿ ತೊಳೆದ್ರೂ ಗಾಡಿ ಎಣ್ಣೆ ಹೋಗಿಲ್ವಲ್ರೀ!"

ತೀರ್ಮಾನ ಮಾತ್ರ ಆಗಲಿಲ್ಲ. ಹಟ್ಟಿಯವರನ್ನೇ ಕೇಳಿಬಿಡೋಣ ಎಂದು ಮೂವರೂ ಹೊರಟರು: ಹೂಜಿ, ನಿಲುವಂಗಿಗಳ ಗಂಟು, ಪಾದ್ರಿಯ ಬೆಳ್ಳಿ ಶಿಲುಬೆ, ಮಧ್ಯದಲ್ಲಿ ನೆಗಡಿ ಹಿಡಿದ ಕ್ನಾಲ್ಸ್.

ಸಾರಿಬಾಯ್ ಕುರಿ ಕಡಿಸಿದ. ಉಣ್ಣದೆ ಮಾತಿಲ್ಲ. ಕುರಿಯ ತಲೆ ದೊಡ್ಡ ಅತಿಥಿಗೆ ಸಲ್ಲಬೇಕು. ಮೂವರೂ ಬೆನ್ನು ನೆಟ್ಟಗೆ ಮಾಡಿ ಕೂತರು. ಸಾರಿಬಾಯ್ ಅದನ್ನು ಕ್ನಾಲ್ಸ್ ಮುಂದಿಟ್ಟ. ಊಟವಾದ ಮೇಲೆ ನಾಖ್ಟಿಗಲ್ ಎದ್ದು, ದೀಕ್ಷೆಯನ್ನು ನೀವು ಯಾವ ರೀತಿ ಬಯಸುತ್ತೀರಿ ಎಂದು ಗಂಭೀರವಾಗಿ ಕೇಳಿದ. ಕ್ನಾಲ್ಸ್ ಅದನ್ನು ಅವರ ಭಾಷೆಗೆ ತಿರುಗಿಸಿದ. ಸಾರಿಬಾಯ್ ಹೂಜಿ ನೋಡಿದ, ನಿಲುವಂಗಿ ನೋಡಿದ.

"ಸ್ನಾನ ಯಾಕೆ? ನಮ್ಮ ಮೈ ವಾಸನೆ ಬರ್ತಿದೆಯಾ?"

ಕ್ನಾಲ್ಸ್ ಅವನತ್ತ ಬಾಗಿದ. "ಅಜ್ಜಾ, ನೀವು ಒಪ್ಕೊಂಡ್ರಲ್ಲ!" ಎಂದ, ಮೆಲ್ಲಗೆ.

"ಒಪ್ಕೊಂಡೆ. ಒಳ್ಳೇ ಮಾತು ಯಾರು ಬೇಡ ಅಂತಾರೆ? ಮನೆಗೆ ಬಂದೋನಿಗೆ ಇಲ್ಲ ಅನ್ನೋದು ನಮ್ಮಲ್ಲಿಲ್ಲ. ಹೋದ ವರ್ಷ ಹೊಲಿಗೆ ಯಂತ್ರ ಮಾರೋನು ಬಂದಿದ್ದ, ಅವನಿಗೂ ಹೂಂ ಅಂದೆ. ಯಂತ್ರ ತಗೊಂಡೆನಾ? ನಾವು ಮುಸಲ್ಮಾನರು ಕಣಪ್ಪಾ, ನಾಳೇನೂ ಮುಸಲ್ಮಾನರೇ."

"ಏನಂತಾನೆ?" ಎಂದ ನಾಖ್ಟಿಗಲ್.

"ಏನೋ... ಹೊಲಿಗೆ ಯಂತ್ರದ ವಿಷಯ," ಎಂದ ಕ್ನಾಲ್ಸ್.

ಪಾದ್ರಿಗೆ ಕಿರ್ಗಿಜ್ ಅಷ್ಟಿಷ್ಟು ಬರುತ್ತಿತ್ತು. ಮೊದಲು ಅವನ ಗಡ್ಡ ಕುಲುಕಿತು, ಆಮೇಲೆ ಹೊಟ್ಟೆ. ಕಣ್ಣೊರೆಸಿಕೊಂಡು ಅವನೇ ಇಬ್ಬರು ಹಿರಿಯರಿಗೂ ಎಲ್ಲ ಬಿಡಿಸಿ ಹೇಳಿದ. ಕ್ನಾಲ್ಸ್ ಕಂಬಳಿಯ ಚಿತ್ತಾರ ನೋಡುತ್ತ ಕೂತ.

ಕಲೀಪಳಿಗೆ ಅದು ಸರಿಬರಲಿಲ್ಲ. "ಏನಾಯ್ತು ಇವನಿಗೆ? ಊಟ ಹಾಕಿದೀನಿ, ಕಥೆ ಎಲ್ಲಿ? ಮೀನಿಂದು ಹೇಳು!"

"ಇವತ್ತು ಬೇಡಮ್ಮ."

"ಬೇಡ ಅಂದ್ರೆ? ಕೆಳಗಿನ ಹಟ್ಟಿಯೋರೂ ಬಂದು ಕೂತಿದಾರೆ."

ನಿಜ, ಬಾಗಿಲು ತುಂಬ ಜನ. ಹಿರಿಯರು ಎದ್ದುಹೋಗೋಣವೆಂದರೂ ದಾರಿಯಿರಲಿಲ್ಲ. ಕ್ನಾಲ್ಸ್ ಕುಮಿಸ್ ಒಂದು ಗುಟುಕು ಕುಡಿದು ಮೀನು ನುಂಗಿದ ಯೋನನ ಕಥೆ ಶುರುಮಾಡಿದ, ಒಂದು ಮಾತು ಅವರ ಭಾಷೆಯಲ್ಲಿ, ಒಂದು ಮಾತು ತನ್ನ ಭಾಷೆಯಲ್ಲಿ. ಬಿರುಗಾಳಿ ಬಂತು, ನಾವಿಕರು ಕೂಗಿದರು, ಕ್ನಾಲ್ಸ್ ಕಂಬಳಿಯೊಳಗೆ ತೂರಿ ಮೀನಿನ ಹೊಟ್ಟೆಯಲ್ಲಿ ಹೊರಳಾಡಿದ. ಮೀನಿಗೆ ವಾಕರಿಕೆ ಬರುವ ಜಾಗದಲ್ಲಿ ಅವನ ನೆಗಡಿ ನೆರವಿಗೆ ಬಂತು. ನಿಜವಾದ ಸೀನು ಬಂದು ಯೋನ ಕಂಬಳಿ ಸಮೇತ ನಾಖ್ಟಿಗಲ್‌ನ ತೊಡೆಯ ಮೇಲೆ ಬಂದು ಬಿದ್ದ. ನಾಖ್ಟಿಗಲ್ ನಕ್ಕದ್ದನ್ನು ಫ್ರೀಡೆನ್‌ಬಾಖ್‌ನಲ್ಲಿ ಯಾರೂ ಕಂಡವರಿಲ್ಲ. ಅವನು ಟ್ಯಾರ್ಟ್‌ನ ಭುಜ ಹಿಡಿದುಕೊಂಡು, ಬೀಳದ ಹಾಗೆ, ನಕ್ಕ.

ವಾಪಸು ಬರುವಾಗ ಹೊಳೆ ದಾಟುವಲ್ಲಿ ಪಾದ್ರಿಯ ಸಾರೋಟು ಮಗುಚಿತು. ಭಾವಮೈದುನರಿಬ್ಬರೂ ನೀರಿಗಿಳಿದು ಗಡ್ಡ ಹಿಡಿದು ಎಳೆದರು.

"ಅಂಗಾತ ಬಿದ್ರು, ನೋಡಿದ್ಯಾ?" ಎಂದ ಟ್ಯಾರ್ಟ್. "ನಮ್ಮ ಪದ್ಧತಿಗೆ ಸರಿಯಾಗಿದೆ."

"ಇಲ್ಲ ಇಲ್ಲ," ಪಾದ್ರಿ ಹಲ್ಲು ಕಟಕಟಿಸುತ್ತ ಹೇಳಿದ, "ಎರಡೇ ಸಲ ಮುಳುಗಿದ್ದು. ಯಾರ ಲೆಕ್ಕಕ್ಕೂ ಬರಲ್ಲ."

ಹೀಗೆ ಹಟ್ಟಿಯವರಲ್ಲಿ ಯಾರಿಗೂ ದೀಕ್ಷೆಯಾಗಲಿಲ್ಲ. ಬಿಳಿ ನಿಲುವಂಗಿಗಳು ಎರಡೂ ಸಭೆಗಳ ಮಕ್ಕಳ ಕ್ರಿಸ್ಮಸ್ ನಾಟಕಕ್ಕೆ ಬಂದವು. ದೇವದೂತರು ಬೇಕಿದ್ದಕ್ಕಿಂತ ಹೆಚ್ಚಾದರು, ಕುರುಬರೇ ಸಿಗಲಿಲ್ಲ. ಸುರಿಯುವವರು ಸುರಿಯುತ್ತಲೇ ಇದ್ದರು, ಮುಳುಗಿಸುವವರು ಮುಳುಗಿಸುತ್ತಲೇ ಇದ್ದರು. ಆದರೆ ನಾಖ್ಟಿಗಲ್ ಮತ್ತು ಟ್ಯಾರ್ಟ್ ಸಂಜೆ ಹೊತ್ತು ಒಂದೇ ಬೇಲಿಗೆ ಒರಗಿ ಜಗಳವಾಡುವುದು ರೂಢಿಯಾಯಿತು. ಕ್ನಾಲ್ಸ್ ಕೊನೆಗೂ ಬೋಧಕನಾಗಲಿಲ್ಲ. ಬೇಸಿಗೆ ಬಂದರೆ ಸಾಕು, ಸಾರಿಬಾಯ್‌ನ ಜನರ ಜೊತೆ ಬೆಟ್ಟದ ಹುಲ್ಲುಗಾವಲಿಗೆ ಹೋಗಿಬಿಡುತ್ತಿದ್ದ. ಅಲ್ಲಿ ಯಾರನ್ನೂ ಒಪ್ಪಿಸುವ ಗೋಜಿಗೆ ಹೋಗಲಿಲ್ಲ; ಅವರೂ ಅವನಿಗೆ ತಮ್ಮ ವೀರರ ಕಥೆ ಹೇಳಿದರು, ಅವನೂ ಹೂಂ ಎಂದ.

ತುಂಬು ವಯಸ್ಸಿನಲ್ಲಿ, ಕರಬೂಜ ಹಣ್ಣಾಗುವ ಕಾಲಕ್ಕೆ, ಊಟವಾದ ಮೇಲೆ ಮಲಗಿದವನು ಏಳಲಿಲ್ಲ. ಮಣ್ಣಿನ ದಿನ ಮೆನ್ನೊನೈಟರು ತಮ್ಮ ಪದ್ಧತಿಯಂತೆ ಕರವಸ್ತ್ರದೊಳಗೆ ಸದ್ದಿಲ್ಲದೆ ಅಳುತ್ತಿದ್ದಾಗ, ಊರ ಹೊರಗಿನಿಂದಲೇ ಗೋಳಾಡುತ್ತ ಕುದುರೆಗಳ ಮೇಲೆ ಹಟ್ಟಿಗೆ ಹಟ್ಟಿಯೇ ಬಂತು. ಮುದುಕಿ ಕಲೀಪ ಇಳಿದು ಯುಸ್ಟೀನಳನ್ನು ತಬ್ಬಿ, ಮಾಡಿನ ಹಕ್ಕಿಗಳೆಲ್ಲ ಹಾರಿಹೋಗುವಂತೆ ಹೋ ಎಂದು ಅತ್ತಳು. ಹಿರಿಯರು ಮುಖ ಮುಖ ನೋಡಿಕೊಂಡರು.

"ಸುಮ್ನಿರಿ, ಅಳಲಿ," ಎಂದಳು ಯುಸ್ಟೀನ. "ಅಳೋದು ಅಂದ್ರೆ ಹಿಂಗೆ. ನಮ್ಮೋರದ್ದು ನೋಡಿದ್ರೆ ನೆಗಡಿ ಅನ್ಸುತ್ತೆ."

ಎಂದವಳು ತಾನೂ ದನಿ ಎತ್ತಿದಳು.