ತಾಮ್ರದ ಬಿಲ್ಲೆಯ ಮೇಲೆ ಶರಣಕುಮಾರನ ಹೆಬ್ಬೆರಳು

ಹವಳಗಾ ಊರಿನ ಶರಣಕುಮಾರನಿಗೆ ಕಣ್ಣಿಗಿಂತ ಬೆರಳಿನ ಮೇಲೆ ಹೆಚ್ಚು ನಂಬಿಕೆ. ಸಕ್ಕರೆ ಕಾರ್ಖಾನೆಯ ಪ್ಯಾನಿನ ಮುಂದೆ ಅರ್ಧ ಆಯುಷ್ಯ ಕಳೆದವನು. ಗಾಳಿ ಹೀರಿ ತೆಗೆದ ಆ ದೊಡ್ಡ ಪಾತ್ರೆಯಲ್ಲಿ ಕಬ್ಬಿನ ರಸ ಕುದಿಯುವಾಗ, ಒಂದು ಹನಿ ಪಾಕವನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿ ‘ಹರಳು ಕಟ್ಯದ, ಇಳಿಸ್ರಿ’ ಎಂದನೆಂದರೆ ಮುಗಿಯಿತು. ಅದರ ಮೇಲೆ ಯಾರೂ ತುಟಿಪಿಟಕ್ ಎನ್ನುತ್ತಿರಲಿಲ್ಲ.

ಗಾಳಿ ಎಲ್ಲಿ ಸೋರಿದರೂ ಹುಡುಕುತ್ತಾನೆ ಎಂಬ ಹೆಸರೇ ಅವನನ್ನು ಜೇವರ್ಗಿ ರಸ್ತೆಯ ಒಂದು ಸಣ್ಣ ಪ್ರಯೋಗಾಲಯಕ್ಕೆ ಕರೆತಂದಿತು. ಆಳಂದದ ಐಶ್ವರ್ಯಾ ಮೇಡಂ ಅಲ್ಲಿ ಎಲೆಕ್ಟ್ರಾನ್ ಗನ್ ಕಟ್ಟುತ್ತಿದ್ದರು. ಹೆಸರು ಕೇಳಿಯೇ ಅವನ ಹೆಂಡತಿ ಭಾಗಮ್ಮ ಗಾಬರಿಯಾಗಿದ್ದಳು.

“ಬಂದೂಕ ಅಲ್ಲ ಬೇ,” ಎಂದು ನಕ್ಕಿದ್ದ. “ತಾಮ್ರದ ಬಿಲ್ಲಿ ಮ್ಯಾಲ ಲೇಸರ್ ಬೆಳಕು ಬಿದ್ರ ಎಲೆಕ್ಟ್ರಾನ್ ಹೊರಗ ಜಿಗೀತಾವ. ಅವನ್ನ ಓಡಿಸಿ ಆಯಸ್ಕಾಂತದ ಸಾಲಿನಾಗ ಕುಣಿಸಿದ್ರ ಹೊಸಾ ಲೇಸರ್ ಬೆಳಕು. ಬ್ಯಾರೆ ಕಡೆ ಇಂಥಾ ಮಷೀನು ಓಣಿ ಉದ್ದ ಇರ್ತಾವಂತ. ನಮ್ಮ ಮೇಡಂಗ ಒಂದು ಖೋಲಿಯಾಗ ಹಿಡಿಸೂದು ಬೇಕಾಗ್ಯದ.”

ಒಳಗೆ ಹೋಗುವ ಯಾವುದನ್ನೂ ಬರಿಗೈಯಲ್ಲಿ ಮುಟ್ಟಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟು. ಕೈಯ ಜಿಡ್ಡು ಚೂರು ತಗುಲಿದರೂ ಸಾಕು, ವಿದ್ಯುತ್ ಏರಿಸಿದಾಗ ಒಳಗೆ ಕಿಡಿ ಹಾರುತ್ತದೆ. ಬಿಲ್ಲೆ ತೊಳೆಯುವ ಕೆಲಸ ಜೇವರ್ಗಿಯ ರಸೂಲನದು, ಕೂರಿಸಿ ಮುಚ್ಚುವುದು ಶರಣಕುಮಾರನದು. ರಸೂಲ ಅವನನ್ನು ಕಾಕಾ ಎನ್ನುತ್ತಿದ್ದ. ಊಟದ ಹೊತ್ತಿಗೆ ಇಬ್ಬರ ಡಬ್ಬಿಗಳೂ ಒಂದಾಗುತ್ತಿದ್ದವು.

ಅವತ್ತು ಹೊಸ ಬಿಲ್ಲೆ ಬಂದಿತ್ತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಶರಣಕುಮಾರನಿಗೆ ಮಾತ್ರ ಸಮಾಧಾನವಿಲ್ಲ. ಕೈಗವಸಿನೊಳಗಿನ ಬೆರಳಿಗೆ ಏನು ತಿಳಿದೀತು? ಗವಸು ಕಳಚಿದ, ಹೆಬ್ಬೆರಳಿನಿಂದ ಒಮ್ಮೆ ಸವರಿದ. ಒಂದೂ ಗೀರಿಲ್ಲ! ಖುಷಿಯಿಂದ ಕೂರಿಸಿ ಮುಚ್ಚಿದ. ಹಳೇ ಚಟ, ಮಾಡಿದ್ದು ತಪ್ಪೆಂಬ ನೆನಪೂ ಆಗಲಿಲ್ಲ.

ಗಾಳಿ ತೆಗೆದು, ಕಾಯಿಸಿ, ವಿದ್ಯುತ್ ಏರಿಸಿದರೆ ಒಳಗೆ ಕಿಡಿಯ ಮೇಲೆ ಕಿಡಿ. ತಿಂಗಳುಗಟ್ಟಲೆ ಪಟ್ಟ ಪಾಡು ನೀರಲ್ಲಿ ಹೋಮವಾಯಿತು. ಐಶ್ವರ್ಯಾ ಮೇಡಂ ಮುಖ ಗಂಟಿಕ್ಕಿಕೊಂಡು ರಸೂಲನತ್ತ ತಿರುಗಿದರು. “ತೊಳಿಯೂದರಾಗ ಕಸರು ಆಗ್ಯದ, ಜಿಡ್ಡು ಉಳದದ. ಇನ್ನ ಮ್ಯಾಲ ನೀ ಈ ಖೋಲಿಗಿ ಬರೂದು ಬ್ಯಾಡ.”

“ಚಂದಾಗೇ ತೊಳದೀನ್ರಿ ಮೇಡಂ,” ಎಂದ ರಸೂಲ.

ಶರಣಕುಮಾರನಿಗೆ ತನ್ನ ಹೆಬ್ಬೆರಳು ಆಗ ನೆನಪಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಹೇಳಿದರೆ ಈ ವಯಸ್ಸಿನಲ್ಲಿ ಮರ್ಯಾದೆ ಮೂರಾಬಟ್ಟೆ, ಕೆಲಸವೂ ಹೋದೀತು. ಆದರೂ ಬಾಯಿ ಬಿಟ್ಟ.

“ರಸೂಲಂದು ಏನೂ ಇಲ್ರಿ ಮೇಡಂ. ನಾನೇ ಬರಿಗೈಲೆ ಮುಟ್ಟೀನಿ. ಮುಟ್ಟದ ಹೊರತು ನನಗ ಭರೋಸಾ ಬರೂದಿಲ್ರಿ.”

ಮೇಡಂ ದಂಗಾಗಿ ನೋಡಿದರು. ಸಿಟ್ಟು ಇಳಿಯಲು ಹೊತ್ತು ಹಿಡಿಯಿತು. ಕೊನೆಗೆ, “ರಸೂಲ, ನಿನ್ನ ಮ್ಯಾಲ ಸುಳ್ಳೇ ಹಾರ್ಯಾಡಿದೆ, ಮಾಫ್ ಮಾಡು,” ಎಂದವರು ಶರಣಕುಮಾರನಿಗೆ ಹೇಳಿದರು: “ಮುಂದಿನ ಬಿಲ್ಲಿನೂ ನೀವೇ ಕೂಡ್ರಸ್ರಿ. ತಪ್ಪು ಎಲ್ಲಾರೂ ಮಾಡ್ತಾರ. ಹೇಳಿಕೊಳ್ಳೋರು ಇದ್ರ ನಾ ನಿಶ್ಚಿಂತಿಲೆ ಮುಂದಿನ ಕೆಲಸ ಮಾಡ್ತೇನಿ.”

ಕೆಲಸ ಉಳಿಯಿತು, ಆದರೆ ರಸೂಲ ಮುನಿಸಿಕೊಂಡ. ಕಾಕಾ ಹೋಗಿ ‘ಶರಣಕುಮಾರ ಸರ್’ ಬಂತು. ಊಟದ ಡಬ್ಬಿ ಬೇರೆ ಮೂಲೆ ಸೇರಿತು. ಮೇಡಂ ಸಿಟ್ಟಿಗಿಂತ ಶರಣಕುಮಾರನನ್ನು ಸುಟ್ಟದ್ದು ಆ ‘ಸರ್’.

ಇನ್ನೊಂದು ಬಿಲ್ಲೆ ಸಿದ್ಧವಾಯಿತು. ರಸೂಲ ಅದನ್ನು ತೊಳೆದು ತಂದ. ಶರಣಕುಮಾರ ಎರಡೂ ಕೈ ಮುಂದೆ ಚಾಚಿ, “ನನ್ನ ಚಟ ಭಾಳ ಕೆಟ್ಟದಪಾ. ಗವಸು ಕಳಚಲಾರದಂಗ ಮುಂಗೈಗಿ ಪಟ್ಟಿ ಸುತ್ತು,” ಎಂದ. ರಸೂಲ ಬಿಗಿಯಾಗಿ ಸುತ್ತಿದ. ಆಮೇಲೆ ಅಲ್ಲೇ ನಿಂತು, ಬಿಲ್ಲೆ ಕೂತು ಮುಚ್ಚಳ ಬಿಗಿಯುವವರೆಗೂ ಕಣ್ಣು ಕೀಳಲಿಲ್ಲ.

ಈ ಸಲ ಕಿಡಿ ಹಾರಲಿಲ್ಲ. ಮೇಡಂ ಲೇಸರ್ ಬಿಟ್ಟರು. ಪರದೆಯ ನಟ್ಟನಡುವೆ ಎಲೆಕ್ಟ್ರಾನ್ ಬಿದ್ದ ಜಾಗದಲ್ಲಿ ದುಂಡಗೆ, ಪುಟ್ಟಗೆ ಬೆಳಕು ಮೂಡಿತು. ಹಿಂದೆ ನಿಂತಿದ್ದ ಶರಣಕುಮಾರನಿಗೆ ಪ್ರಯೋಗಾಲಯದ ಉಳಿದವರ ತಲೆಗಳಷ್ಟೇ ಕಾಣುತ್ತಿದ್ದವು. ರಸೂಲ ಅವನ ರಟ್ಟೆ ಹಿಡಿದು ಮುಂದಕ್ಕೆ ಎಳೆದ.

“ಹಿಂದ ಯಾಕ ನಿಂತೀರಿ? ಮುಂದ ಬರ್ರಿ, ನೋಡ್ರಿ ಕಾಕಾ!”