‘ತ್ಯಾಗ’ ಅಳಿಸುತ್ತಿದ್ದ ಸುಶೀಲಕ್ಕ

ಸುಶೀಲಕ್ಕನ ಕೈಗೆ ಯಾವ ಬರಹ ಬಂದರೂ ಅದರಲ್ಲಿ ಮೊದಲು ಅಳಿಯುತ್ತಿದ್ದ ಪದ ‘ತ್ಯಾಗ’. ಕೆಂಪು ಪೆನ್ಸಿಲಿನಿಂದ ಅದರ ಮೇಲೆ ಎರಡು ಗೆರೆ ಎಳೆದು, “ತಮ್ಮಾ, ತ್ಯಾಗ ಅಂದ್ರ ಓದೋರು ಕೈ ಮುಗದು ಎದ್ದ ಹೋಗತಾರ. ರೋಗಿ ಹಾಸಗಿ ಹೆಂಗ ಬದಲಿ ಮಾಡಿದ್ರಿ ಅದನ್ನ ಬರೀರಿ ಅಂತ ಬರದವರಿಗೆ ಹೇಳು, ಕುಂತ ಓದತಾರ” ಎನ್ನುತ್ತಿದ್ದರು.

ರಬಕವಿಯ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು ಅವರು. ಗಂಡ ಲಕ್ವ ಹೊಡೆದು, ಮಾತು ಹೋಗಿ, ಒಂಬತ್ತು ವರ್ಷ ಹಾಸಿಗೆಯಲ್ಲಿದ್ದರು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣು. ಆ ಎರಡೆರಡು ತಾಸುಗಳ ನಡುವೆಯೇ ಸುಶೀಲಕ್ಕ ‘ಮಗ್ಗುಲು’ ಎಂಬ ಪುಟ್ಟ ತ್ರೈಮಾಸಿಕ ನಡೆಸಿದರು. ಮನೆಯ ರೋಗಿಗಳನ್ನು ನೋಡಿಕೊಳ್ಳುವವರೇ ಅದರ ಲೇಖಕರು. ಬನಹಟ್ಟಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ನಾನು ಪುಟ ಕಟ್ಟಿಕೊಡಲು ಹೋಗಿ ಸಹಸಂಪಾದಕನಾದೆ.

ಒಮ್ಮೆ ಹುನ್ನೂರಿನ ರೈತ ಬಸಪ್ಪನ ಬರಹ ಬಂತು. ಸೊಂಟ ಮುರಿದು ಮಲಗಿದ್ದ ತಾಯಿಯ ಆರೈಕೆಯ ಕಥೆ. ನಡುವೆ ಒಂದು ಸಾಲು: ‘ಅವ್ವ ಹೋಗಿಬಿಟ್ಟರೆ ಒಳ್ಳೆಯದು ಎಂದು ಆ ಮುಂಜಾನೆ ನನಗೆ ಅನಿಸಿತು.’ ನಾನು ಹೆದರಿ, ಆ ಸಾಲು ತೆಗೆಯೋಣ ಎಂದೆ.

“ಅದನ್ನ ತಗದ್ರ ಉಳಿಯೂದು ಏನು?” ಎಂದರು ಸುಶೀಲಕ್ಕ. “ಆದ್ರ ಆಕಿ ಇನ್ನೂ ಅದಾಳ. ಆಕಿಗೆ ಗೊತ್ತಿಲ್ಲದಂಗ ಅಚ್ಚ ಹಾಕಬಾರದು.”

ಗಂಡನ ಹತ್ತಿರ ನೆರೆಯಾಕೆಯನ್ನು ಕೂರಿಸಿ, ನನ್ನನ್ನು ಕರೆದುಕೊಂಡು ಹುನ್ನೂರಿನ ಬಸ್ಸು ಹತ್ತಿಯೇ ಬಿಟ್ಟರು. ಬರಹವನ್ನು ಮೊದಲು ತಾಯಿಗೆ ಓದಿ ಹೇಳಬೇಕು ಎಂದಾಗ ಬಸಪ್ಪನ ಮುಖ ಬಿಳಿಚಿತು. “ಬ್ಯಾಡ್ರಿ ಅಕ್ಕಾರ, ಹರದ ಒಗೀರಿ ಅದನ್ನ” ಎಂದ.

“ನೀವು ಒಲ್ಲೆ ಅಂದ್ರ ಇಲ್ಲೇ ಹರೀತೇನಿ. ಬರದದ್ದು ನಿಮ್ಮದು.”

ಅವನು ತಾಯಿ ಮಲಗಿದ್ದ ಕಡೆ ನೋಡಿದ. ಆಮೇಲೆ ಕಾಗದ ಇಸಿದುಕೊಂಡು ತಾಯಿಯ ಹಾಸಿಗೆಯ ಪಕ್ಕ ಕೂತು ಓದತೊಡಗಿದ. ಆ ಸಾಲಿಗೆ ಬಂದು ದನಿ ನಿಂತಿತು.

“ಮುಂದ ಓದೋ” ಎಂದಳು ಮುದುಕಿ.

ಓದಿದ. ನಾನು ನೆಲ ನೋಡುತ್ತಿದ್ದೆ.

“ನನಗೂ ದಿನಾ ಹಂಗ ಅನಸತೈತಿ ಲೇ” ಎಂದಳು ಆಕೆ. “ನೀ ಒಬ್ಬಾವನ ಇದನ್ನ ಹೊತಗೊಂಡ ತಿರಗಾಕತ್ತಿದ್ದೇನು? ನಂದೂ ಬರಿ. ಚಾದಾಗ ಸಕ್ಕರಿ ಕಡಿಮಿ ಹಾಕತಿ, ಅದನ್ನೂ ಬರಿ.”

ಬಸಪ್ಪ ನಗುತ್ತಲೇ ಅತ್ತ. ಸುಶೀಲಕ್ಕ ಎದ್ದುಹೋಗಿ ಎಲ್ಲರಿಗೂ ತಾವೇ ಚಹಾ ಮಾಡಿದರು. ಬರಹ ಹಾಗೆಯೇ ಅಚ್ಚಾಯಿತು.

ಹೋದ ವರ್ಷ ಅವರ ಗಂಡ ತೀರಿಕೊಂಡರು. ಸಮಾಧಾನದ ಮಾತು ಹುಡುಕುತ್ತ ಒಂದು ಮಧ್ಯಾಹ್ನ ಹೋದೆ. ಕದ ತೆರೆಯಲು ತಡವಾಯಿತು. ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು.

“ಮಲಗಿದ್ನಿ ತಮ್ಮಾ. ಅಳೂ ಬರತದಂತ ಕುಂತಿದ್ನಿ, ನಿದ್ದಿ ಬಂತು. ಮೂರು ತಾಸು!” ಎಂದು, ನಾಚಿಕೊಂಡವರಂತೆ ಒಂದು ಹಾಳೆ ಮುಂದೆ ಹಿಡಿದರು. “ನಿದ್ದಿ ಬಗ್ಗೆ ಬರದೇನಿ. ಹಾಕತೀ ಏನು?”

ಅಷ್ಟು ವರ್ಷದಲ್ಲಿ ಅವರು ತಮ್ಮದೆಂದು ಒಂದು ಸಾಲೂ ಪತ್ರಿಕೆಗೆ ಬರೆದಿರಲಿಲ್ಲ. ಅಲ್ಲಿಯೇ ನಿಂತು ಓದಿದೆ. ಒಂದಕ್ಷರವನ್ನೂ ತಿದ್ದಬೇಕೆನಿಸಲಿಲ್ಲ.

ಆ ಬರಹವಿದ್ದ ಸಂಚಿಕೆ ಹೊರಬಂದಾಗ ಅವರು ಮುಧೋಳದ ತಂಗಿಯ ಮನೆ ಸೇರಿದ್ದರು. ‘ಮಗ್ಗುಲು’ ಈಗ ನನ್ನ ಪಾಲಿಗೆ ಬಂದಿದೆ. ಪುಟದಲ್ಲಿ ಏನಾದರೂ ಸಂಶಯ ಬಂದರೆ ಅವರಿಗೆ ಮಧ್ಯಾಹ್ನ ಫೋನು ಮಾಡುವುದಿಲ್ಲ; ಸಂಜೆಯ ತನಕ ಕಾಯುತ್ತೇನೆ.