ಇಂಗಮ್ಮನಿಗೆ ನಾನು ನಿಲ್ಲದೆ ಹೋದ ಜಾಮೀನು

ಇಂಗಮ್ಮನನ್ನು ಈ ದೇಶದಿಂದ ಕಳಿಸಿದ್ದು ಸರ್ಕಾರವಲ್ಲ, ನಾನು. ಮಾನ್ವಿಯಲ್ಲಿ ಅವರನ್ನು ಬಲ್ಲವರು ಎಷ್ಟೋ ವರ್ಷ ಕಾನೂನನ್ನೇ ಬೈದರು. ನಾನೂ ಅವರ ಜೊತೆ ಕೂತು ಹೂಂ ಅಂದಿದ್ದೇನೆ. ಆದರೆ ರಾಯಚೂರಿನ ಒಂದು ಕಚೇರಿಯಲ್ಲಿ, ಒಬ್ಬ ಅಧಿಕಾರಿಯ ಎದುರು ಕೂತು ನಾನು ಆಡಿದ ಒಂದು ಮಾತಿನಿಂದ ಅವರು ಹೋಗಬೇಕಾಯಿತು. ಆ ಮಾತು ಸುಳ್ಳೂ ಆಗಿರಲಿಲ್ಲ — ಅದೇ ನನಗೆ ಇವತ್ತಿಗೂ ಬಿಡಿಸಲಾಗದ ಗಂಟು. ಸುಳ್ಳು ಹೇಳಿದ್ದರೆ ಸುಳ್ಳು ಹೇಳಿದೆ ಅಂತ ಒಪ್ಪಿಕೊಂಡು ಹಗುರಾಗಬಹುದಿತ್ತು. ನಾನು ನಿಜವನ್ನೇ ಹೇಳಿ ಮೋಸ ಮಾಡಿದೆ.

ಅವರ ಹೆಸರು ಇಂಗರ್. ನಮ್ಮ ಬಾಯಲ್ಲಿ ಅದು ಇಂಗಮ್ಮ ಆಯಿತು. "ನನ್ನ ಹೆಸರಿನಾಗೇ ಒಗ್ಗರಣಿ ಅದ ನೋಡ್ರಿ" ಅಂತ ಅವರೇ ನಗುತ್ತಿದ್ದರು. ಡೆನ್ಮಾರ್ಕ್ ದೇಶದವರು. ವಯಸ್ಸಿನಲ್ಲಿರುವಾಗಲೇ ಮಾನ್ವಿಯ ಹೊರಗಿದ್ದ ಒಂದು ಸಣ್ಣ ಆಸ್ಪತ್ರೆಗೆ ನರ್ಸಾಗಿ ಬಂದವರು, ಕೂದಲು ಬೆಳ್ಳಗಾಗುವವರೆಗೂ ಅಲ್ಲೇ ಇದ್ದರು. ನನ್ನವ್ವ ಆ ಆಸ್ಪತ್ರೆಯಲ್ಲಿ ಕಸ ಹೊಡೆಯುತ್ತಿದ್ದಳು. ನಾವು ಚೀಕಲಪರ್ವಿಯ ಕೂಲಿ ಮಂದಿ. ಅಪ್ಪ ಹೊಳೆಯ ಪಾಲಾದ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಮಾನ್ವಿಗೆ ಬಂದಿದ್ದಳು. ಇಂಗಮ್ಮ ನನ್ನನ್ನು ಶಾಲೆಗೆ ಹಚ್ಚಿದರು. ಮುಂದೆ ರಾಯಚೂರಿನಲ್ಲಿ ನರ್ಸಿಂಗ್ ಕಲಿಸಿದರು. ನನಗೆ ದೇವದುರ್ಗದ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕ ದಿನ ನನಗಿಂತ ಮೊದಲು ಅತ್ತವರು ಅವರು.

ಇಷ್ಟು ಹೇಳಿದರೆ ನಾನು ಅವರನ್ನು ತಾಯಿಯಂತೆ ಕಂಡೆ ಅನ್ನಿಸಬಹುದು. ಕಂಡಿದ್ದೆನೇ? ಕಂಡಿದ್ದೆ. ಆದರೆ ಇನ್ನೊಂದು ಸಂಗತಿಯೂ ಇದೆ, ಅದನ್ನು ಬಿಟ್ಟು ಹೇಳಿದರೆ ಈ ನಿವೇದನೆ ಅರ್ಧವಾಗುತ್ತದೆ. ನನ್ನ ಕೊನೆಯ ವರ್ಷದ ಪರೀಕ್ಷೆ ನಡೆದಿದ್ದಾಗ ಅವ್ವ ಜ್ವರ ಬಂದು ಸತ್ತಳು. ಇಂಗಮ್ಮ ನನಗೆ ಹೇಳಿ ಕಳಿಸಲಿಲ್ಲ. ಪರೀಕ್ಷೆ ಮುಗಿಸಿಕೊಂಡು ನಗುತ್ತಾ ಬಸ್ಸಿಳಿದವಳಿಗೆ ಮಣ್ಣಾಗಿ ಹೋದ ಅವ್ವನ ಗುಡ್ಡೆ ತೋರಿಸಿದರು. "ನಿಮ್ಮವ್ವನೇ ಅಂದಿದ್ದಳು ಶಾಂತಿ, ಪರೀಕ್ಷಿ ಮುಗಿಯೋತನಕ ಹೇಳಬ್ಯಾಡ್ರಿ ಅಂತ" ಅಂದರು. ಹಾಗೆ ಅವ್ವ ಅಂದಿದ್ದಳೋ ಇಲ್ಲವೋ — ನಾನು ಕೇಳಲಿಲ್ಲ. ಯಾರನ್ನೂ ಕೇಳಲಿಲ್ಲ. ಅತ್ತೆ, ಊಟ ಮಾಡಿದೆ, ಮತ್ತೆ ಅವರ ಮಗಳಂತೆಯೇ ಓಡಾಡಿದೆ. ಮೇಲೆ ಮಾಯ್ದು ಒಳಗೆ ಕೀವು ಉಳಿದ ಹುಣ್ಣನ್ನು ನರ್ಸಾಗಿ ಎಷ್ಟೋ ಮಂದಿಯಲ್ಲಿ ನೋಡಿದ್ದೇನೆ. ನನ್ನದೂ ಹಾಗಿತ್ತೋ ಏನೋ. ಖಾತ್ರಿ ಇಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಇಂಗಮ್ಮನಿಗೆ ನಿವೃತ್ತಿಯಾಯಿತು. ಅವರನ್ನು ಕಳಿಸಿದ್ದ ಸಂಸ್ಥೆಯವರು ಪಗಾರ ನಿಲ್ಲಿಸಿದರು. ಊರಿಗೆ ಮರಳಿದರೆ ಪಿಂಚಣಿ ಉಂಟು, ಇಲ್ಲೇ ಇದ್ದರೆ ಇಲ್ಲ — ಇದು ಅವರ ನಿಯಮ. ಈ ಕಡೆಯ ನಿಯಮ ಬೇರೆ: ಕೆಲಸವಿಲ್ಲದ ಪರದೇಶದವರು ಇಲ್ಲಿ ಇರಬೇಕಾದರೆ ಬದುಕಿಗೆ ಸಾಕಾಗುವಷ್ಟು ಆದಾಯ ತೋರಿಸಬೇಕು, ಇಲ್ಲವಾದರೆ ಪಗಾರ ಇರುವ ಇಲ್ಲಿಯವರು ಯಾರಾದರೂ ಕೊನೆಯವರೆಗೆ ನೋಡಿಕೊಳ್ಳುತ್ತೇನೆಂದು ಜಾಮೀನು ಬರೆದುಕೊಡಬೇಕು. ಇಂಗಮ್ಮನ ಹತ್ತಿರ ಇದ್ದದ್ದು ಅಷ್ಟಿಷ್ಟು ಉಳಿತಾಯ. ಬಂದದ್ದನ್ನೆಲ್ಲ ಯಾರ ಯಾರದೋ ಔಷಧಿಗೆ, ನನ್ನಂಥವರ ಓದಿಗೆ ಹಾಕಿದವರ ಹತ್ತಿರ ಇನ್ನೇನು ಇದ್ದೀತು?

ಆದರೆ ಅವರಿಗೆ ಇರಲು ಜಾಗವಿತ್ತು. ಮಾನ್ವಿಯ ಬಜಾರದಲ್ಲಿ ಬಳೆ ಅಂಗಡಿ ಇಟ್ಟುಕೊಂಡಿದ್ದ ರಹೀಮಬಿ ಅವರ ಜೀವದ ಗೆಳತಿ. ಗಂಡ ಇಲ್ಲ, ಮಕ್ಕಳಿಲ್ಲ. ನಾನು ಅವರನ್ನು ಅವರ ಮಾತಿನಲ್ಲೇ ಖಾಲಾ, ಚಿಕ್ಕವ್ವ, ಅನ್ನುತ್ತಿದ್ದೆ. ಸಂಜೆ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಊರಿನ ಸುದ್ದಿಯನ್ನೆಲ್ಲ ಜರಡಿ ಹಿಡಿಯುತ್ತಿದ್ದರು. ಬಿಳಿ ಮುಖದ ಇಂಗಮ್ಮನ ತುಟಿ ಕೆಂಪಾದದ್ದು ನೋಡಿ ಹೊಸಬರು ಬೆರಗಾಗುತ್ತಿದ್ದರು. ಖಾಲಾ ತಮ್ಮ ಮನೆಯ ಹಿಂದೆ ಒಂದು ಕೋಣೆ ಕಟ್ಟಿಸಿ, ಇಂಗಮ್ಮನಿಗೆ ಬಿಸಿಲು ತಡೆಯುವುದಿಲ್ಲವೆಂದು ಗಾಳಿ ಬರುವ ಕಡೆಗೆ ದೊಡ್ಡ ಕಿಟಕಿ ಇಡಿಸಿದರು. ಆದರೆ ಖಾಲಾಗೆ ಪಗಾರವಿಲ್ಲ. ಬಳೆ ಅಂಗಡಿಯ ಗಳಿಕೆ ಕಚೇರಿಯವರ ಲೆಕ್ಕಕ್ಕೆ ಬರಲಿಲ್ಲ. ಉಳಿದವಳು ನಾನು.

ಇಂಗಮ್ಮ ದೇವದುರ್ಗಕ್ಕೆ ಬಂದರು. ನಮ್ಮ ಮನೆಯ ಚಾಪೆಯ ಮೇಲೆ ಕೂತು, ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಹೇಳಿದರು: "ಶಾಂತಿ, ನೀ ಒಂದು ಬರಕೊಡಬೇಕಾಗ್ಯದಬೇ. ಬರೀ ಕಾಗದ. ನಿನಗ ಭಾರ ಆಗಂಗಿಲ್ಲ. ನನ್ನ ಹೊಟ್ಟಿಗಿ ಎಷ್ಟು ಬೇಕು?"

ಅಲ್ಲಿಯವರೆಗೆ ಅವರು ನನ್ನಲ್ಲಿ ಏನನ್ನೂ ಬೇಡಿರಲಿಲ್ಲ. ನನ್ನ ಗಂಡ ಶಾಲೆಯ ಮಾಸ್ತರು. ಅವರನ್ನು ಇದರಲ್ಲಿ ಎಳೆಯುವಂತಿಲ್ಲ, ಏಕೆಂದರೆ ನಾನು ಬಾಯಿ ತೆರೆಯುವ ಮೊದಲೇ ಅವರು ಅಂದರು — "ಬರಕೊಡು. ನಾಳಿ ಆಕಿ ಹಾಸಿಗಿ ಹಿಡದ್ರೂ ನಾವೇ ನೋಡಬೇಕು. ನಮ್ಮವ್ವ ಇದ್ದಿದ್ರ ನೋಡತಿದ್ದಿಲ್ಲೇನು?" ನಾನು ತಲೆಯಾಡಿಸಿದೆ. ಸಹಿ ಮಾಡಿದೆ. ಮನಸ್ಸಿನಲ್ಲಿ ಏನಾದರೂ ಬೇರೆ ಇತ್ತೇ ಆಗ — ಎಷ್ಟು ಹುಡುಕಿದರೂ ಸಿಗುವುದಿಲ್ಲ.

ವಿಚಾರಣೆಗೆ ರಾಯಚೂರಿಗೆ ಕರೆದರು. ಇಂಗಮ್ಮ ಮಾನ್ವಿಯಿಂದ ಬಂದು ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದರು. ನನ್ನೊಬ್ಬಳನ್ನೇ ಒಳಗೆ ಕರೆದರು. ಅಧಿಕಾರಿ ಕೆಟ್ಟವರಲ್ಲ. ಕುರ್ಚಿ ತೋರಿಸಿದರು, ನೀರು ತರಿಸಿದರು. "ನೀವು ಸರ್ಕಾರಿ ನೌಕರರು. ಪರದೇಶದವರಿಗೆ ಜಾಮೀನು ನಿಲ್ಲಾಕ ನಿಮ್ಮ ಮ್ಯಾಲಿನವರಿಗೆ ತಿಳಿಸೀರೇನು?" ಅಂತ ಕೇಳಿದರು. ಇಲ್ಲವೆಂದೆ. ನನ್ನ ಮುಖ ನೋಡಿ ಅವರೇ ಅಂದರು: "ಅಂಜಬ್ಯಾಡ್ರಿ, ಒಂದು ಅರ್ಜಿ ಕೊಟ್ರ ಆತು." ಆದ್ದರಿಂದ ನೌಕರಿಯ ಅಂಜಿಕೆಯಿಂದ ಹಾಗೆ ಹೇಳಿದೆ ಎಂದೂ ನಾನು ಹೇಳಲಾರೆ.

ಆಮೇಲೆ ಅವರು ಆ ಪ್ರಶ್ನೆ ಕೇಳಿದರು. ಎಲ್ಲರಿಗೂ ಕೇಳುವ ಪ್ರಶ್ನೆಯೇ ಇರಬೇಕು. "ಇದನ್ನ ನೀವಾಗಿ ಬರಕೊಟ್ಟೀರೋ, ಅವರು ಬರಿಸಿಕೊಂಡಾರೋ?"

"ಅವರು ಬರಿ ಅಂದ್ರು, ಬರದೀನ್ರಿ."

ಅಷ್ಟೇ. ನನ್ನ ಕಿವಿಗೆ ನನ್ನ ದನಿ ಬೇರೆ ಯಾರದೋ ಅನ್ನುವಂತೆ ಕೇಳಿಸಿತು. ಅವರು ಬರೆಯಲು ಹೇಳಿದ್ದು ನಿಜ, ನಾನು ಬರೆದದ್ದು ನಿಜ. ಆದರೆ ಆ ಎರಡು ನಿಜಗಳ ನಡುವೆ ಇದ್ದದ್ದನ್ನೆಲ್ಲ — ಚಾಪೆ, ಅವರ ಮೌನ, ನನ್ನ ಒಪ್ಪಿಗೆ — ನಾನು ನುಂಗಿದೆ. ಅಧಿಕಾರಿ ಪೆನ್ನು ಎತ್ತಿ ನನ್ನನ್ನು ನೋಡಿದರು. "ಅಂದ್ರ ನಿಮಗ ಮನಸಿಲ್ಲೇನು? ವಿಚಾರ ಮಾಡಿ ಹೇಳ್ರಿ. ಅವಸರ ಇಲ್ಲ."

ಅವಸರ ಇರಲಿಲ್ಲ. ಮೇಲೆ ಫ್ಯಾನು ತಿರುಗುತ್ತಿತ್ತು. ಬಾಗಿಲಿನ ಆಚೆ ಇಂಗಮ್ಮ ಯಾರದೋ ಕೂಸನ್ನು ಆಡಿಸುತ್ತಿದ್ದ ದನಿ ಕೇಳಿಸುತ್ತಿತ್ತು. "ಇಲ್ಲರಿ, ನನಗ ಮನಸದ" — ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ತಲೆ ತಗ್ಗಿಸಿ ಕೂತೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತೆ. ಅವರು ಒಂದಿಷ್ಟು ಹೊತ್ತು ಕಾದು, ಬರೆದುಕೊಂಡರು.

ಏಕೆ? ಬದುಕಿಡೀ ಅವರು ಹೇಳಿದ್ದನ್ನು ಮಾಡುತ್ತಾ ಬಂದ ಸಿಟ್ಟೇ? ಅವ್ವನ ಸಾವಿನ ಸೇಡೇ? ಅಥವಾ ಸಾಯುವತನಕ ಈ ಋಣ ನನ್ನ ಮನೆಯ ಪಡಸಾಲೆಯಲ್ಲೇ ಕೂತಿರುತ್ತದೆ ಅನ್ನುವ ಭಯವೇ? ಅಥವಾ ಸಾಹೇಬರ ಎದುರು ಕೂತ ಕೂಲಿಯವಳ ಮಗಳಿಗೆ, ಕೇಳಿದ್ದಕ್ಕೆ ಎಷ್ಟೋ ಅಷ್ಟೇ ಉತ್ತರಿಸುವ ಹಳೇ ರೂಢಿಯೇ... ಒಂದೊಂದು ದಿನ ಒಂದೊಂದು ಕಾರಣ ಸರಿಯೆನಿಸುತ್ತದೆ. ಯಾವುದೂ ಮರುದಿನದವರೆಗೆ ನಿಲ್ಲುವುದಿಲ್ಲ.

ಹೊರಗೆ ಬಂದೆ. "ಏನಂದ್ರಬೇ?" ಅಂತ ಇಂಗಮ್ಮ ಎದ್ದು ನಿಂತರು. "ಆಗತದ ಅಂದ್ರಮ್ಮ" ಅಂದೆ. ಇದು ಮಾತ್ರ ಅಪ್ಪಟ ಸುಳ್ಳು. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಿರ್ಚಿ ಭಜಿ ಕೊಡಿಸಿದರು. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು. ನಾನೂ ತಿಂದೆ.

ಕೆಲವು ವಾರಗಳ ನಂತರ ಉತ್ತರ ಬಂತು: ತೋರಿಸಿದ ಆಧಾರ ಸಾಲದು, ದೇಶ ಬಿಡಬೇಕು. ಯಾರು ಏನು ಹೇಳಿದರೆಂದು ಅದರಲ್ಲಿ ಇರಲಿಲ್ಲ. ಇಂಗಮ್ಮ ನನ್ನ ಬೆನ್ನು ಸವರಿ, "ನಿನ್ನ ಪಗಾರ ಸಣ್ಣದಾತು ಅಂತ ಕಾಣಸ್ತದ. ಅದಕ್ಕ ನೀ ಏನು ಮಾಡತಿ? ಮನಸಿಗಿ ಹಚ್ಚಿಕೋಬ್ಯಾಡ" ಅಂತ ನನಗೇ ಸಮಾಧಾನ ಹೇಳಿದರು. ಆ ಸಮಾಧಾನವನ್ನು ನಾನು ತೆಗೆದುಕೊಂಡೆ. ಇನ್ನೂ ಸಮಯವಿತ್ತು. ರಾಯಚೂರಿಗೆ ಹೋಗಿ, ಸಾಹೇಬರೇ, ನಾನು ಹೇಳಿದ್ದು ಪೂರ್ತಿಯಲ್ಲ ಅನ್ನಬಹುದಿತ್ತು. ಒಂದು ಬೆಳಿಗ್ಗೆ ರಜೆ ಹಾಕಿ ದೇವದುರ್ಗದ ಬಸ್ ನಿಲ್ದಾಣದವರೆಗೆ ಹೋದೆ ಕೂಡ. ರಾಯಚೂರಿನ ಬಸ್ಸು ಬಂತು, ಮಂದಿ ಹತ್ತಿದರು, ಹೋಯಿತು. ನಾನು ಕಾಯಿಪಲ್ಯ ತೆಗೆದುಕೊಂಡು ಮನೆಗೆ ಬಂದೆ.

ರಾಯಚೂರಿನ ಸ್ಟೇಷನ್ನಿನಲ್ಲಿ ಅವರನ್ನು ಮುಂಬಯಿ ಗಾಡಿ ಹತ್ತಿಸಿದೆವು. ಖಾಲಾ ಶೇಂಗಾ ಚಟ್ನಿಯ ಡಬ್ಬಿಯನ್ನು ಅವರ ಚೀಲಕ್ಕೆ ತುರುಕುತ್ತಾ, "ಅಲ್ಲಿ ಏನು ಸಪ್ಪಗಿ ತಿಂತಾರೋ ಏನೋ" ಅಂತ ಗೊಣಗುತ್ತಿದ್ದರು, ಅಳಬಾರದೆಂದು. ಇಂಗಮ್ಮ ಕಿಟಕಿಯಿಂದ ಕೈ ಚಾಚಿ ನನ್ನ ತಲೆಯ ಮೇಲಿಟ್ಟರು. ಆಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ — ಗಾಡಿ ಬಿಟ್ಟಿತು. ಗಾಡಿ ಬಿಡದಿದ್ದರೆ ಹೇಳುತ್ತಿದ್ದೆನೇ? ಇಲ್ಲ ಅನಿಸುತ್ತದೆ.

ಮುಂದಿನ ವರ್ಷಗಳಲ್ಲಿ ನಾನು ಮಾನ್ವಿಗೆ ಹೋದಾಗಲೆಲ್ಲ ಖಾಲಾನ ಮನೆಗೆ ಹೋಗುತ್ತಿದ್ದೆ. ಆ ಕೋಣೆಯನ್ನು ಅವರು ಯಾರಿಗೂ ಬಾಡಿಗೆಗೆ ಕೊಡಲಿಲ್ಲ. "ಒಂದು ಮುದುಕಿ ಎಷ್ಟು ಜ್ವಾಳ ತಿಂತಿದ್ದಳು ಈ ಸರ್ಕಾರದ್ದು? ಇವರ ಬಾಯಾಗ ಮಣ್ಣು ಬೀಳ್ಲಿ" ಅಂತ ಕೈ ಎತ್ತಿ ಶಾಪ ಹಾಕುತ್ತಿದ್ದರು. ನಾನು ಅವರು ಕೊಟ್ಟ ಚಹಾ ಕುಡಿಯುತ್ತಾ "ಹೌದು ಖಾಲಾ" ಅನ್ನುತ್ತಿದ್ದೆ.

ಎಂಬತ್ತರ ದಶಕದ ನಡುವೆ ಇಂಗಮ್ಮ ತೀರಿಕೊಂಡ ಸುದ್ದಿ ಬಂತು. ಮಾನ್ವಿಗೆ ಹೋದಾಗ ಆ ಆಸ್ಪತ್ರೆಯ ಹಳೆಯ ಡಾಕ್ಟರು ಹೇಳಿದರು. ಡೆನ್ಮಾರ್ಕಿನಲ್ಲಿ ಮುದುಕರಿಗಾಗಿ ಇರುವ ಒಂದು ಮನೆಯಲ್ಲಿದ್ದರಂತೆ. ಕೊನೆಕೊನೆಗೆ ನೆನಪು ಕೆಟ್ಟು, ತಮ್ಮ ದೇಶದ ಮಾತನ್ನೂ ಬಿಟ್ಟು, ಅಲ್ಲಿ ಯಾರಿಗೂ ತಿಳಿಯದ ಮಾತಿನಲ್ಲಿ ಏನನ್ನೋ ಮತ್ತೆ ಮತ್ತೆ ಕೇಳುತ್ತಿದ್ದರಂತೆ. "ಕನ್ನಡ ಇರಬೇಕು" ಅಂದರು ಡಾಕ್ಟರು. ಏನು ಕೇಳಿರಬಹುದು? ನೀರೇ? ಯಾರನ್ನಾದರೂ ಕರೆದರೇ? ಒಂದು ಲೋಟ ನೀರನ್ನು ಕೇಳಿದರೂ ತಿಳಿಯದವರ ನಡುವೆ ಅವರನ್ನು ಬಿಟ್ಟುಬಂದವಳು ನಾನು.

ಅಲ್ಲಿಂದ ನೆಟ್ಟಗೆ ಖಾಲಾನ ಮನೆಗೆ ನಡೆದೆ. ಅವರಿಗೆ ಸುದ್ದಿ ಆಗಲೇ ತಲುಪಿತ್ತು, ಅಂಗಡಿ ತೆರೆದಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದರು. ನಾನು ಕೆಳಗೆ ನೆಲದ ಮೇಲೆ ಕೂತು, ಎಲ್ಲವನ್ನೂ ಹೇಳಿದೆ. ಅಧಿಕಾರಿಯ ಪ್ರಶ್ನೆ, ನನ್ನ ಉತ್ತರ, ಆಮೇಲಿನ ಮೌನ, ಹತ್ತದೆ ಬಿಟ್ಟ ಬಸ್ಸು. ಅವ್ವನ ಸಾವಿನ ಮಾತನ್ನು ಎತ್ತಲಿಲ್ಲ — ಎತ್ತಿದ್ದರೆ ಅದು ನೆಪವಾಗುತ್ತಿತ್ತು.

ಖಾಲಾ ನನ್ನನ್ನು ನೋಡಿದರು. ಗುರುತು ಸಿಗದವರನ್ನು ನೋಡುವ ಹಾಗೆ.

"ಇದನ್ನ ನನಗ್ಯಾಕ ಹೇಳಿದಿ ಶಾಂತಿ?" ಅಂದರು. "ಇಷ್ಟು ವರ್ಷ ಬೈಯಾಕ ಸರ್ಕಾರ ಇತ್ತು. ಈಗ ನಾ ಯಾರನ್ನ ಬೈಲಿ?"

"ನನ್ನ ಬೈರಿ ಖಾಲಾ."

ಅವರು ಕಟ್ಟೆ ಹಿಡಿದು ಎದ್ದು ಒಳಗೆ ಹೋದರು. ಬಾಗಿಲು ಹಾಕಿಕೊಳ್ಳಲಿಲ್ಲ, ಒಳಗೆ ಬಾ ಎಂದೂ ಕರೆಯಲಿಲ್ಲ. ನಾನು ಅಲ್ಲೇ ಬಿಸಿಲು ಇಳಿಯುವವರೆಗೆ ಕೂತಿದ್ದು ಎದ್ದು ಬಂದೆ.

ಅದಾದ ಮೇಲೂ ಹೋಗುತ್ತಿದ್ದೇನೆ. ಅವರಿಗೆ ಈಗ ಕಣ್ಣು ಮಂಜಾಗಿದೆ. ಅಕ್ಕಿ ಆರಿಸಿ ಕೊಡುತ್ತೇನೆ, ಬಟ್ಟೆ ಒಗೆದು ಹಾಕುತ್ತೇನೆ. ಬೇಡ ಅನ್ನುವುದಿಲ್ಲ. ಇದರಿಂದ ಏನೂ ತೀರುವುದಿಲ್ಲ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಪ್ರತಿ ಸಲ ಹೊಸ್ತಿಲು ದಾಟುವಾಗ, ಇವತ್ತಾದರೂ ಬೈಯುತ್ತಾರೆ ಅಂದುಕೊಳ್ಳುತ್ತೇನೆ. ಅವರು "ಬಂದಿಯಾ" ಅನ್ನುತ್ತಾರೆ, ಅಷ್ಟೇ.

ಇನ್ನೂ ಬೈದಿಲ್ಲ.